ಎರಡಡಿ ದೋಣಿಯ ಓಟ
(ಸಂಘದ ಸಂಸ್ಥಾಪನಾ ದಿನದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘದ ಹುಟ್ಟುಹಬ್ಬದ ದಿನ ಎರಡು ಮಾತನಾಡಿ ಎಂದು ಕಾರ್ಯದರ್ಶಿಗಳು ಫೋನು ಮಾಡಿದಾಗ ನಾವು ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ವೇದಿಕೆಯ ಮೇಲೆ ವಚನ ಸಾಹಿತ್ಯದ ಬಗ್ಗೆ ಮಾತನಾಡಿದ ವಿದ್ವಾಂಸರಿದ್ದಾರೆ. ಸಕ್ಕರೆ ಕಾಯಿಲೆಯ ಬಗ್ಗೆ ಎಚ್ಚರಿಸಿ, ಅನಂತರ ನಮ್ಮ ಜೊತೆಯಲ್ಲೇ ಹೋಳಿಗೆ ತಿಂದ ಡಾಕ್ಟರುಗಳಿದ್ದಾರೆ. ಪಿಂಚಣಿ ಹಣವನ್ನು ಎಲ್ಲಿ ಇಡಬೇಕೆಂದು ತಿಳಿಸಿಕೊಟ್ಟವರೂ ಇದ್ದಾರೆ. ನಮಗೆ ಅಂಥ ಯಾವ ವಿಷಯವೂ ತಿಳಿಯದು. "ವಿಷಯ ಯಾವುದಾದರೂ ಆಗಲಿ, ಇಪ್ಪತ್ತು ನಿಮಿಷ ಮೀರಬಾರದು" ಎಂದರು ಅವರು. "ಹಾಗಾದರೆ ಆಟದ ದೋಣಿಯನ್ನು ವೇಗವಾಗಿ ಓಡಿಸುವುದು ಹೇಗೆ ಎಂಬ ಬಗ್ಗೆ ಮಾತನಾಡುತ್ತೇವೆ" ಎಂದೆವು. ಫೋನಿನ ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವರು, "ಹದಿನೈದು ನಿಮಿಷವಾದರೂ ಸಾಕು" ಎಂದರು.

ಇದನ್ನು ಬರೆದವರು ನಾವಿಬ್ಬರೂ, ಓದುತ್ತಿರುವವರು ಒಬ್ಬರು. ಆದ್ದರಿಂದ ‘ನಾವು’ ಎಂದಾಗ ಮಹಾರಾಜರ ಗತ್ತಿನ ‘ನಾವು’ ಎಂದು ತಾವು ತಿಳಿಯಬಾರದು. ನಮ್ಮಲ್ಲಿ ಒಬ್ಬರು ನೀರು ಸರಬರಾಜಿನ ಪಂಪುಗಳ ನಡುವೆ ಜೀವ ಸವೆಸಿದ ಇಂಜಿನಿಯರು. ಇನ್ನೊಬ್ಬರು ಲೆಕ್ಕಪತ್ರ ನೋಡುವವರು. ಈ ಕಥೆಯಲ್ಲಿ ಯಾರ ಬುದ್ಧಿ ಎಲ್ಲಿ ಕೈಕೊಟ್ಟಿತು ಎಂಬುದು ಮುಂದೆ ತಾನಾಗಿಯೇ ಗೊತ್ತಾಗುತ್ತದೆ.

ನಾವು ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿನ ಈ ನಡುನಾಡಿಗೆ ಬಂದದ್ದು 2020ರಲ್ಲಿ. ಕೆಲಸ ಬದಲಾಯಿತು, ಮನೆ ಬದಲಾಯಿತು, ಹನ್ನೆರಡು ವರ್ಷದ ಮಗಳ ಶಾಲೆಯೂ ಬದಲಾಯಿತು. ಮೊದಲಿನ ಎರಡನ್ನು ನಾವು ತಿಂಗಳುಗಟ್ಟಲೆ ಕೂತು ಚರ್ಚಿಸಿದ್ದೆವು. ಮೂರನೆಯದನ್ನು ಮಾತ್ರ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವಳಿಗೆ ತಿಳಿಸಿದೆವು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ‘ಹೂಂ’ ಮತ್ತು ‘ಊಹೂಂ’ ಎಂಬ ಎರಡೇ ಶಬ್ದಗಳ ನಿಘಂಟು ಚಲಾವಣೆಗೆ ಬಂತು. ಬಾಗಿಲು ಹಾಕಿದ ಕೋಣೆ, ಬಾಗಿಲ ಹೊರಗೆ ತಣ್ಣಗಾದ ದೋಸೆ. ಇಲ್ಲಿ ಕುಳಿತಿರುವ ತಂದೆತಾಯಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2021ರ ಬೇಸಿಗೆಯ ಒಂದು ಭಾನುವಾರ ಕಾರ್ ಬೂಟ್ ಸೇಲಿಗೆ ಹೋಗಿದ್ದೆವು. ಹಳೆಯ ಲ್ಯಾಂಪು, ಒಡೆದ ಗಡಿಯಾರಗಳ ಮಧ್ಯೆ ಒಂದು ಕೆಂಪು ಮೋಟಾರು ದೋಣಿ ಇತ್ತು. ಉದ್ದ 24 ಅಂಗುಲ, ತಳ ಆಂಗ್ಲ ಅಕ್ಷರ ‘ವಿ’ ಆಕಾರದ್ದು, ಜೊತೆಗೆ ಆಂಟೆನಾ ಮುರಿದ ರೇಡಿಯೋ ಪೆಟ್ಟಿಗೆ. ಮಗಳು ಅದನ್ನು ಎತ್ತಿ ತಿರುಗಿಸಿ ನೋಡಿ, "ಇದು ಓಡತ್ತಾ?" ಎಂದಳು. ಎಷ್ಟೋ ವಾರಗಳ ಮೇಲೆ ಅವಳ ಬಾಯಿಂದ ಬಂದ ಪೂರ್ತಿ ವಾಕ್ಯ ಅದು. ಮಾರುವವನು 20 ಪೌಂಡು ಹೇಳಿದ, 15ಕ್ಕೆ ಕೊಟ್ಟ. ಅವನು 50 ಕೇಳಿದ್ದರೂ ಅಂದು ನಾವು ಕೊಡುತ್ತಿದ್ದೆವು.

ನಮ್ಮೂರ ಉದ್ಯಾನದಲ್ಲಿ ಒಂದು ಕೆರೆ ಇದೆ. ಅಲ್ಲಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾದರಿ ದೋಣಿಯವರು ಸೇರುತ್ತಾರೆ. ಗದ್ದಲವಾಗುತ್ತದೆಂದು ಪೆಟ್ರೋಲ್ ದೋಣಿಗೆ ಪ್ರವೇಶವಿಲ್ಲ, ವಿದ್ಯುತ್ ದೋಣಿ ಮಾತ್ರ. ವಸಂತದಲ್ಲಿ ಹಂಸಗಳು ಗೂಡು ಕಟ್ಟುವಾಗ ಅವು ಇರುವ ಕಡೆಗೆ ಯಾವ ದೋಣಿಯೂ ಹೋಗುವಂತಿಲ್ಲ. ಅಲ್ಲಿಗೆ ಬರುವವರ ಪೈಕಿ ಕಾರು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ನಮ್ಮ ಗುರುಗಳು ಅವರೇ. ನಮ್ಮ ದೋಣಿಯ ಮೊದಲ ಓಟ ನೋಡಿ, "ಚೆನ್ನಾಗಿದೆ. ಆದರೆ ಅದು ದೋಣಿಯಲ್ಲ, ನೀರು ಕಲಕುವ ಸೌಟು" ಎಂದರು. ಮಗಳ ಮುಖ ಕೆಂಪಾಯಿತು. ಆ ಕ್ಷಣದಿಂದ ದೋಣಿಯ ವೇಗ ಹೆಚ್ಚಿಸುವುದು ನಮ್ಮ ಮನೆತನದ ಮಾನದ ಪ್ರಶ್ನೆಯಾಗಿ ಬಿಟ್ಟಿತು.

ರೇಡಿಯೋದಿಂದ ನಡೆಯುವ ದೋಣಿ ಹೊಸದೇನಲ್ಲ. 1898ರಲ್ಲಿಯೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೀರಿನ ತೊಟ್ಟಿ ಇಟ್ಟು, ಬ್ಯಾಟರಿಯಿಂದ ಓಡುವ ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಸಿ ತೋರಿಸಿದ್ದ. ನಮ್ಮ ಹಿರಿಯರ ಯೌವನದಲ್ಲಿ ಪ್ರತಿ ರೇಡಿಯೋಗೂ ಒಂದು ಸ್ಫಟಿಕ, ಅದಕ್ಕೊಂದು ತರಂಗಾಂತರ. ಇಬ್ಬರ ಬಳಿ ಒಂದೇ ಸ್ಫಟಿಕವಿದ್ದರೆ ಒಬ್ಬರ ದೋಣಿಯನ್ನು ಇನ್ನೊಬ್ಬರು ಮುಳುಗಿಸಬಹುದಿತ್ತು. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋಗಳಲ್ಲಿ ಆ ಜಗಳವಿಲ್ಲ. ಮುರಿದ ಪೆಟ್ಟಿಗೆಯ ಬದಲು ಅಂಥದ್ದೊಂದನ್ನು ಕೊಂಡೆವು.

ವೇಗ ಹೆಚ್ಚಿಸುವ ಮೊದಲು ಇರುವ ವೇಗ ಎಷ್ಟೆಂದು ತಿಳಿಯಬೇಕಲ್ಲವೆ? ದಡದಲ್ಲಿ 50 ಮೀಟರ್ ಅಂತರಕ್ಕೆ ಎರಡು ಕೋಲು ನೆಟ್ಟು ಗಡಿಯಾರ ಹಿಡಿದೆವು. ನಿಧಾನದ ದೋಣಿಗೆ ಅದು ಸರಿ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಆ ದೂರವನ್ನು ದಾಟಲು 3.6 ಸೆಕೆಂಡು ಸಾಕು. ಬೆರಳು 0.2 ಸೆಕೆಂಡು ಆತುರಪಟ್ಟರೆ ಲೆಕ್ಕದಲ್ಲಿ 3 ಕಿಲೋಮೀಟರ್ ಪುಕ್ಕಟೆಯಾಗಿ ಸೇರಿಕೊಳ್ಳುತ್ತದೆ. ನಮ್ಮ ಪೈಕಿ ಯಾರ ಬೆರಳು ಯಾವಾಗಲೂ ಆತುರಪಡುತ್ತಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಕೊನೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಜಿಪಿಎಸ್ ಯಂತ್ರವನ್ನು ದೋಣಿಯೊಳಗೆ ಅಂಟಿಸಿದೆವು. ಗಾಳಿಯ ಎದುರು ಒಮ್ಮೆ, ಗಾಳಿಯ ಜೊತೆ ಒಮ್ಮೆ ಓಡಿಸಿ ಸರಾಸರಿ ತೆಗೆಯುವುದು ಕ್ರಮ. ಮೊದಲ ದಿನದ ಸರಾಸರಿ 22.

ಗುರುಗಳು ಹಾಕಿದ ಷರತ್ತು ಎರಡು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಬರೆದಿಡಬೇಕು. ಬರೆಯುವ ಕೆಲಸ ಲೆಕ್ಕ ನೋಡುವವರ ಪಾಲಿಗೆ ಬಂತು. ಅವರಿಗೆ ತಿಂಗಳ ಖರ್ಚನ್ನು ಕನ್ನಡದಲ್ಲಿ ಬರೆಯುವ ಅಭ್ಯಾಸ, ದೋಣಿಯ ಪುಸ್ತಕವೂ ಕನ್ನಡದಲ್ಲೇ ಶುರುವಾಯಿತು. ಇದರಲ್ಲಿ ಯಾವ ಭಾಷಾಭಿಮಾನದ ಹುನ್ನಾರವೂ ಇರಲಿಲ್ಲ. ಆದರೆ ತನ್ನ ದೋಣಿಯ ಲೆಕ್ಕ ತನಗೇ ಓದಲು ಬರುವುದಿಲ್ಲವೆಂದು ಮಗಳಿಗೆ ಸಿಟ್ಟು ಬಂತು. "ಇಂಗ್ಲಿಷಿನಲ್ಲಿ ಬರೀಬಾರದಾ ಅಮ್ಮ?" "ನನಗೆ ಬೇಗ ಬರೆಯಕ್ಕೆ ಬರೋದು ಇದೇ ಕಣೆ. ಬೇಕಾದರೆ ನೀನೇ ಬರಕೊ." ಅವಳು ಬರೆದುಕೊಳ್ಳಲಿಲ್ಲ, ಸೋಮಾರಿ. ಅದಕ್ಕಿಂತ ಓದಲು ಕಲಿಯುವುದೇ ಸುಲಭವೆಂದು ಕಂಡಿರಬೇಕು. ಇಂದು ಅವಳಿಗೆ ಸರಾಗವಾಗಿ ಓದಲು ಬರುವ ಕನ್ನಡ ಪದಗಳು ಸುಮಾರು ಮೂವತ್ತು. ಸೋರಿತು, ಸುಟ್ಟಿತು, ಮುಳುಗಿತು, ಮಗುಚಿತು, ಮುರಿಯಿತು, ದುಡ್ಡು ದಂಡ. ಕನ್ನಡ ಶಾಲೆಯ ಮೇಡಂ ಅವರ ಕ್ಷಮೆ ಕೋರುತ್ತೇವೆ.

ಇನ್ನು ಶಾಸ್ತ್ರ. ದೋಣಿ ನೀರನ್ನು ಸೀಳಿ ಹೋಗುವಾಗ ಮೂತಿಯ ಬಳಿ ಒಂದು ಅಲೆ, ಹಿಂದೆ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಗಳ ನಡುವಿನ ಅಂತರವೂ ಹೆಚ್ಚುತ್ತದೆ. ಆ ಅಂತರ ದೋಣಿಯ ಉದ್ದಕ್ಕೆ ಸಮನಾದಾಗ ದೋಣಿ ತಾನೇ ಎಬ್ಬಿಸಿದ ಎರಡು ಅಲೆಗಳ ನಡುವಿನ ಹಳ್ಳದಲ್ಲಿ ಸಿಕ್ಕಿಬೀಳುತ್ತದೆ. ಮುಂದೆ ಹೋಗಬೇಕಾದರೆ ಗುಡ್ಡ ಹತ್ತಬೇಕು. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಇಂಜಿನಿಯರು ಚಿಕ್ಕ ಮಾದರಿಗಳನ್ನು ನೀರಿನಲ್ಲಿ ಎಳೆದು ಹಡಗುಗಳ ಈ ಗುಟ್ಟನ್ನು ಬಿಡಿಸಿದ. ಅದಕ್ಕಾಗಿ ಟಾರ್ಕ್ವೇ ಊರಿನಲ್ಲಿ 1872ರ ಹೊತ್ತಿಗೆ ಉದ್ದನೆಯ ತೊಟ್ಟಿಯನ್ನೂ ಕಟ್ಟಿಸಿದ. ನಾವಿಕರು ಬಳಸುವ ಸ್ಥೂಲ ಲೆಕ್ಕ ಹೀಗಿದೆ. ದೋಣಿಯ ನೀರುಮಟ್ಟದ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಹಳ್ಳದಲ್ಲಿ ಸಿಕ್ಕುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ನಮ್ಮ ಎರಡಡಿ ದೋಣಿಗೆ ಅದು 1.9 ನಾಟ್, ಅಂದರೆ ಗಂಟೆಗೆ ಮೂರೂವರೆ ಕಿಲೋಮೀಟರ್. ದಡದ ಮೇಲೆ ಮಗುವಿನ ಗಾಡಿ ತಳ್ಳಿಕೊಂಡು ಹೋಗುವ ಅಜ್ಜಿ ಅದನ್ನು ಹಿಂದೆ ಹಾಕಬಹುದು!

ಆದ್ದರಿಂದ ವೇಗದ ದೋಣಿಗೆ ನೀರಿನಲ್ಲಿ ತೇಲುವ ಆಸೆ ಇರಬಾರದು, ನೀರಿನ ಮೇಲೆ ಜಾರುವ ಆಸೆ ಇರಬೇಕು. ಊರ ಕೆರೆಯಲ್ಲಿ ಚಪ್ಪಟೆ ಕಲ್ಲನ್ನು ಓರೆಯಾಗಿ ಬೀಸಿ ಕುಪ್ಪಳಿಸಿದವರಿಗೆಲ್ಲ ಈ ತತ್ತ್ವ ಗೊತ್ತಿದೆ. ಓಡುತ್ತಿರುವಾಗ ತಳದ ಎಷ್ಟು ಕಡಿಮೆ ಭಾಗ ಒದ್ದೆಯಾಗುತ್ತದೋ ಅಷ್ಟು ಲಾಭ.

ಮೊದಲು ಮಾಡಿದ್ದು ದುಡ್ಡು ಬೇಡದ ಕೆಲಸಗಳನ್ನು. ಗುರುಗಳು ಪ್ರೊಪೆಲರ್ ಬಿಚ್ಚಿಸಿ, "ಶಾಫ್ಟನ್ನು ಬೆರಳಲ್ಲಿ ತಿರುಗಿಸು" ಎಂದು ಮಗಳಿಗೆ ಹೇಳಿದರು. ಅದು ಕಬ್ಬಿನ ಗಾಣದಂತೆ ಗರಗರ ಎಂದಿತು. ಮೋಟಾರಿನ ಅಚ್ಚು ಒಂದು ದಾರಿ ಹಿಡಿದಿತ್ತು, ಶಾಫ್ಟು ಇನ್ನೊಂದು. ವ್ಯತ್ಯಾಸ ಬೆಂಕಿಕಡ್ಡಿಯ ದಪ್ಪದಷ್ಟೇ. ಮೋಟಾರಿನ ಕಾಲ ಕೆಳಗೆ ತಗಡಿನ ಚೂರು ಇಟ್ಟು ಎರಡನ್ನೂ ಒಂದೇ ಗೆರೆಗೆ ತಂದು, ಕೊಳವೆಯೊಳಗಿನ ಹಳೆಯ ಕರಿ ಗ್ರೀಸ್ ಒರೆಸಿ ಹೊಸದು ಹಾಕಿದೆವು. ಅಷ್ಟಕ್ಕೇ ಸುಮ್ಮನೆ ತಿರುಗುವಾಗ ಮೋಟಾರು ಎಳೆಯುತ್ತಿದ್ದ ಕರೆಂಟು ಅರ್ಧಕ್ಕಿಳಿಯಿತು. ಅದುವರೆಗೆ ಬ್ಯಾಟರಿಯ ಶಕ್ತಿಯೆಲ್ಲ ಕೊಳವೆಯನ್ನು ಬಿಸಿ ಮಾಡಲು ಹೋಗುತ್ತಿತ್ತು.

ಆಮೇಲೆ ತಳ. ನಮ್ಮ ದೋಣಿಯ ಹಿಂಬದಿಯ ಅಂಚು ಮೃದುವಾಗಿ ದುಂಡಗಿತ್ತು, ನೋಡಲು ಚೆಂದ. ನೀರಿಗೆ ದುಂಡಗಿನ ಅಂಚು ಸಿಕ್ಕರೆ ಅದು ಬಿಟ್ಟು ಹೋಗುವುದಿಲ್ಲ, ಚೊಂಬಿನ ಬಾಯಿಂದ ಬಗ್ಗಿಸಿದ ಹಾಲು ಚೊಂಬಿನ ಮೈಗೇ ಅಂಟಿ ಇಳಿದಂತೆ ಅಂಚನ್ನು ಸುತ್ತಿ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ಫಿಲ್ಲರ್ ತುಂಬಿ, ಮರದ ತುಂಡಿಗೆ ಮರಳು ಕಾಗದ ಸುತ್ತಿ ಉಜ್ಜಿ, ಅಂಚನ್ನು ಚೂಪು ಮಾಡಿದೆವು. ಈ ಉಜ್ಜುವ ಕೆಲಸ ಗ್ಯಾರೇಜಿನಲ್ಲಿ ಮೂರು ಸಂಜೆ ನಡೆಯಿತು. ಉಜ್ಜುವಾಗ ಕಣ್ಣು ಕೆಳಗಿರುತ್ತದೆ, ಕೈಗೆ ಕೆಲಸವಿರುತ್ತದೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹೊಸ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ತಾನು ಲೈಬ್ರರಿಯಲ್ಲಿ ಕೂರುತ್ತೇನೆ ಎಂಬುದನ್ನು ಮಗಳು ನಮಗೆ ತಿಳಿಸಿದ್ದು ಎರಡನೆಯ ಸಂಜೆ. ಒಂದು ವರ್ಷದಿಂದ ಹಾಗೇ ನಡೆದಿತ್ತಂತೆ. ನಾವು ಉಜ್ಜುತ್ತಲೇ ಇದ್ದೆವು.

ಅಗಲವಾದ ಚುಕ್ಕಾಣಿಯನ್ನು ಕಿರಿದು ಮಾಡಿದೆವು. ಮುಚ್ಚಳದ ಸುತ್ತ ಟೇಪ್ ಹಾಕಿ ನೀರು ಒಳಬರುವುದನ್ನು ನಿಲ್ಲಿಸಿದೆವು. ಒಂದು ಲೋಟ ನೀರು ಒಳಗೆ ಸೇರಿದರೆ ದೋಣಿ 200 ಗ್ರಾಂ ಭಾರ ಹೊತ್ತು ಓಡಬೇಕು. ಇಷ್ಟೆಲ್ಲ ಆಗಿ ವೇಗ 22ರಿಂದ 27ಕ್ಕೆ ಏರಿತು. ಖರ್ಚು 4 ಪೌಂಡು.

ದುಡ್ಡಿನ ಕೆಲಸ ಮುಂದಿನ ವರ್ಷ ಶುರುವಾಯಿತು. ಹಳೆಯ ಮೋಟಾರು ಕಾರ್ಬನ್ ಬ್ರಷ್ಷಿನದು, ಬ್ಯಾಟರಿ 7.2 ವೋಲ್ಟಿನ ನಿಕಲ್ ಜಾತಿಯದು. ಅವುಗಳ ಜಾಗಕ್ಕೆ ಬ್ರಷ್ ಇಲ್ಲದ ಮೋಟಾರು, ಅದನ್ನು ನಡೆಸುವ ಸ್ಪೀಡ್ ಕಂಟ್ರೋಲರ್ ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಬಂದವು. ಮೋಟಾರಿನ ಮೇಲೆ ‘2000 ಕೆವಿ’ ಎಂದು ಬರೆದಿದೆ. ಕಿಲೋವೋಲ್ಟ್ ಎಂದು ಯಾರೂ ಹೆದರಬೇಕಾಗಿಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ 2000 ಸುತ್ತು ಎಂದಷ್ಟೇ ಅರ್ಥ. ಲಿಥಿಯಂ ಬ್ಯಾಟರಿಯ ಒಂದು ಕೋಶಕ್ಕೆ 3.7 ವೋಲ್ಟು ಎಂದು ಲೆಕ್ಕ. ಎರಡು ಕೋಶವಾದರೆ 7.4, ಮೂರಾದರೆ 11.1. ಮೂರು ಕೋಶಕ್ಕೆ ಈ ಮೋಟಾರು ಭಾರವಿಲ್ಲದಾಗ ನಿಮಿಷಕ್ಕೆ 22,200 ಸುತ್ತು ತಿರುಗುತ್ತದೆ.

ಪ್ರೊಪೆಲರ್ ಎಂದರೆ ನೀರಿನಲ್ಲಿ ಕೊರೆಯುತ್ತ ಹೋಗುವ ಸ್ಕ್ರೂ. ನಮ್ಮದು 40 ಮಿಲಿಮೀಟರ್ ವ್ಯಾಸದ ಲೋಹದ್ದು. ಒಂದು ಸುತ್ತಿಗೆ ಅದು ವ್ಯಾಸದ 1.4 ಪಟ್ಟು, ಅಂದರೆ 56 ಮಿಲಿಮೀಟರ್ ಮುಂದೆ ಸಾಗಬೇಕು. ಗುಣಿಸಿ ನೋಡಿದರೆ ಗಂಟೆಗೆ 74 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಮಗಳು ಆ ರಾತ್ರಿ ಇದೇ ಲೆಕ್ಕವನ್ನು ಮೂರು ಸಲ ಮಾಡಿ ಸಂತೋಷಪಟ್ಟಳು. ಆದರೆ ನೀರು ಮರವಲ್ಲ, ಸ್ಕ್ರೂ ಜಾರುತ್ತದೆ, ಭಾರ ಬಿದ್ದಾಗ ಸುತ್ತುಗಳೂ ಇಳಿಯುತ್ತವೆ. ಕಾಗದದ ಮೇಲಿನ ವೇಗದಲ್ಲಿ ಸುಮಾರು 70 ಪಾಲು ಕೈಗೆ ಬಂದರೆ ಭಾಗ್ಯ ಎಂದರು ಗುರುಗಳು. ಶಾಫ್ಟನ್ನು ಹಿಂಬದಿಯಿಂದ ಹೊರತಂದು, ಓಡುವಾಗ ಪ್ರೊಪೆಲರಿನ ಅರ್ಧ ಮಾತ್ರ ನೀರಿನಲ್ಲಿರುವಂತೆ ಮೇಲೆತ್ತಿ ಕೂರಿಸಿಕೊಟ್ಟವರೂ ಅವರೇ. ಎರಡು ಕೋಶಕ್ಕೆ 35 ಬಂತು. ಮೂರು ಕೋಶಕ್ಕೆ 51!

ಕರೆಂಟು ಎಷ್ಟು ಹರಿಯುತ್ತಿದೆ ಎಂದು ತಿಳಿಯಲು ಲೆಕ್ಕ ನೋಡುವವರೇ ಒಂದು ಉಪಾಯ ಕಂಡುಹಿಡಿದರು. ಸರಿಯಾಗಿ 3 ನಿಮಿಷ ಪೂರ್ತಿ ವೇಗದಲ್ಲಿ ಓಡಿಸುವುದು, ಮನೆಗೆ ಬಂದು ಚಾರ್ಜರ್ ಬ್ಯಾಟರಿಗೆ ಎಷ್ಟು ವಾಪಸು ತುಂಬಿತು ಎಂದು ನೋಡುವುದು. ಎರಡು ಕೋಶದ ಓಟಕ್ಕೆ 1400 ಮಿಲಿಆಂಪಿಯರ್-ಗಂಟೆ ತುಂಬಿತು, ಅಂದರೆ ಸರಾಸರಿ 28 ಆಂಪಿಯರ್. ಮೂರು ಕೋಶದ ಓಟಕ್ಕೆ 3000, ಅಂದರೆ 60 ಆಂಪಿಯರ್. ವೋಲ್ಟು ಹೆಚ್ಚಿದ್ದು ಒಂದೂವರೆ ಪಟ್ಟು, ಕರೆಂಟು ಹೆಚ್ಚಿದ್ದು ಎರಡು ಪಟ್ಟಿಗೂ ಮೇಲೆ. ಸುತ್ತು ಹೆಚ್ಚಿದರೆ ಬೇಕಾಗುವ ಶಕ್ತಿ ಅದರ ಘನದ ಪ್ರಕಾರ ಏರುತ್ತದೆ, ಪಂಪಿನವರಿಗೆಲ್ಲ ಇದು ಬಾಯಿಪಾಠ. 11.1 ವೋಲ್ಟು, 60 ಆಂಪಿಯರ್ ಎಂದರೆ 666 ವ್ಯಾಟ್. ಒಂದು ಕುದುರೆಯ ಶಕ್ತಿಗೆ ಸ್ವಲ್ಪವೇ ಕಡಿಮೆ.

ಇನ್ನು ನಮ್ಮ ಮರ್ಯಾದೆ ಹೋದ ಭಾಗ. ಕೆರೆಗೆ ಬರುವ ಒಬ್ಬ ಹುಡುಗನ ದೋಣಿ 65ರಲ್ಲಿ ಓಡುತ್ತದೆ. ಮಗಳು ತನ್ನ ಕೈಖರ್ಚಿನ ದುಡ್ಡಿನಲ್ಲಿ 45 ಮಿಲಿಮೀಟರಿನ ಪ್ರೊಪೆಲರ್ ತರಿಸಿದಳು. ಅದು 2023ರ ಮಾರ್ಚ್ ತಿಂಗಳು. "ಎಷ್ಟು ದೊಡ್ಡದು?" ಎಂದು ಲೆಕ್ಕ ನೋಡುವವರು ಕೇಳಿದರು. "ಬರೀ ಐದು ಮಿಲಿಮೀಟರ್" ಎಂದರು ಇಂಜಿನಿಯರು. ಪ್ರೊಪೆಲರ್ ಬೇಡುವ ಶಕ್ತಿ ವ್ಯಾಸದ ಐದನೆಯ ಘಾತದಂತೆ ಏರುತ್ತದೆ. 45ನ್ನು 40ರಿಂದ ಭಾಗಿಸಿ ಐದು ಸಲ ಗುಣಿಸಿದರೆ 1.8. ಅಂದರೆ 60 ಆಂಪಿಯರ್ ಇದ್ದದ್ದು 108ರ ಕಡೆಗೆ ಹೋಗುತ್ತದೆ. ಕಂಟ್ರೋಲರಿನ ಮೇಲೆ ಅಚ್ಚಾಗಿದ್ದುದು 80. ಇಪ್ಪತ್ತು ವರ್ಷ ಈ ಸೂತ್ರವನ್ನು ಕಿರಿಯ ಇಂಜಿನಿಯರುಗಳಿಗೆ ಹೇಳಿಕೊಟ್ಟವರು, ಸ್ವಂತ ಮಗಳ ಕಣ್ಣಿನ ಹೊಳಪಿನ ಮುಂದೆ ಅದನ್ನು ಮರೆತರು. ಮರೆತರು ಎನ್ನುವುದು ಸುಳ್ಳು. ನೆನಪಿತ್ತು, ‘ಒಂದು ಸಲ ನೋಡೋಣ’ ಎಂದುಕೊಂಡರು.

ದೋಣಿ ಹತ್ತು ಸೆಕೆಂಡು ಬಾಣದಂತೆ ಹೋಯಿತು. ಆಮೇಲೆ ನಡುಗೆರೆಯಲ್ಲಿ ಒಂದು ಎಳೆ ಹೊಗೆ, ಅದರ ಹಿಂದೆ ಮೌನ.

ನಿಂತ ದೋಣಿಯನ್ನು ತರಲು ಕೆರೆಯವರಲ್ಲಿ ಒಳ್ಳೆಯ ಪದ್ಧತಿಯಿದೆ. ಮೀನಿನ ಗಾಳದ ಕೋಲಿಗೆ ಟೆನಿಸ್ ಚೆಂಡು ಕಟ್ಟಿ, ದೋಣಿಯ ಆಚೆಗೆ ಎಸೆದು ಮೆಲ್ಲಗೆ ಎಳೆದು ತರುವುದು. ಆದರೆ ಅಂದು ತಡವಾಗಿತ್ತು, ಕೋಲಿನ ಸಮೇತ ಗುರುಗಳು ಮನೆಗೆ ಹೋಗಿಯಾಗಿತ್ತು. ದೋಣಿ ದಡದಿಂದ ಮೂವತ್ತು ಮೀಟರ್ ದೂರದಲ್ಲಿ ತೇಲುತ್ತಿತ್ತು. ಇಂಜಿನಿಯರು ಬೂಟು ಬಿಚ್ಚಿದರು, ಪ್ಯಾಂಟು ಮಡಿಸಿದರು. ‘ಇಷ್ಟು ದೂರ ಈಜಲಾರೆನೆ?’ ಎಂಬ ಧೈರ್ಯ. ಚಿಕ್ಕಂದಿನಲ್ಲಿ ಬಾವಿಗೆ ಧುಮುಕಿ ಈಜು ಕಲಿತವರಿಗೆಲ್ಲ ಈ ಧೈರ್ಯ ಐವತ್ತು ದಾಟಿದ ಮೇಲೂ ಉಳಿದಿರುತ್ತದೆ. ಮೊಣಕಾಲುದ್ದ ಇಳಿದಿದ್ದರು. ಹಿಂದಿನಿಂದ ಮಗಳು ಸ್ವೆಟರನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. "ಅಪ್ಪ, ಬೇಡ. ಅಪ್ಪ, ಬೇಡ ಅಂದೆ." ಸಿಟ್ಟಿನ ಧ್ವನಿಯಲ್ಲ, ಹೆದರಿಕೆಯ ಧ್ವನಿ.

ಅವಳದೇ ಸರಿ. ಈ ದೇಶದ ಮಾರ್ಚ್ ತಿಂಗಳ ಕೆರೆಯ ನೀರು ನಮ್ಮ ಬಾವಿಯ ನೀರಲ್ಲ. ಅಷ್ಟು ತಣ್ಣನೆಯ ನೀರಿಗೆ ಮೈ ಥಟ್ಟನೆ ಬಿದ್ದಾಗ ಉಸಿರು ತಾನಾಗಿಯೇ ಎಳೆಯುತ್ತದೆ, ಆ ಒಂದು ಉಸಿರಿನಲ್ಲಿ ನೀರು ಒಳಗೆ ಹೋದರೆ ಸಾಕು. ಒಳ್ಳೆಯ ಈಜುಗಾರರೂ ಹಾಗೆ ಮುಳುಗಿದ್ದಾರೆ. ಸ್ವಲ್ಪ ಹೊತ್ತಿನಲ್ಲೇ ಕೈಕಾಲು ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಯಾವ ದೋಣಿಗಾಗಿಯೂ, ಯಾವ ಚೆಂಡಿಗಾಗಿಯೂ, ನಾಯಿಗಾಗಿಯೂ ನೀರಿಗೆ ಇಳಿಯಬೇಡಿ. ಇಲ್ಲಿರುವ ಮಕ್ಕಳು ಈ ಮಾತನ್ನು ತಮ್ಮ ಅಪ್ಪಂದಿರಿಗೂ ದಯವಿಟ್ಟು ಹೇಳಿ.

ಗಾಳಿ ದೋಣಿಯನ್ನು ದಡಕ್ಕೆ ತರಲು ಎರಡು ಗಂಟೆ ತೆಗೆದುಕೊಂಡಿತು. ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು, ಒಬ್ಬರ ಕಾಲಿಗೆ ಮಗಳ ಮಫ್ಲರು ಸುತ್ತಿತ್ತು. ಮೊದಲ ಅರ್ಧ ಗಂಟೆ ಯಾರೂ ಮಾತನಾಡಲಿಲ್ಲ. ಆಮೇಲೆ ಅವಳು ಕೆರೆಯನ್ನೇ ನೋಡುತ್ತ, ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದಳು: "ಮೋಟಾರಿಗೆ ಎಷ್ಟು ಆಂಪ್ ತಡೆಯತ್ತೆ ಅಂತ ಮೂರು ಸಲ ಲೆಕ್ಕ ಹಾಕ್ತೀರ. ಊರು ಬಿಡೋವಾಗ ನನ್ನ ಒಂದು ಸಲ ಕೇಳಲಿಲ್ಲ." ನಾವು ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೌದು, ಕೇಳಬೇಕಾಗಿತ್ತು" ಎಂದೆವು. ಫ್ಲಾಸ್ಕಿನಲ್ಲಿ ಉಳಿದಿದ್ದ ಕಾಫಿಯನ್ನು ಮೂರು ಪಾಲು ಮಾಡಿ ಕುಡಿದೆವು. ಅವಳು ಕಾಫಿ ಕುಡಿದದ್ದು ಅದೇ ಮೊದಲು.

ಆ ದಿನದ ಪುಟದಲ್ಲಿ ಹೀಗಿದೆ: ‘45 ಪ್ರೊಪೆಲರ್. ಕಂಟ್ರೋಲರ್ ಸುಟ್ಟಿತು. ದುಡ್ಡು ದಂಡ 62 ಪೌಂಡು. ತಪ್ಪು ನಮ್ಮದು.’

ಸುಟ್ಟದ್ದು ಕಂಟ್ರೋಲರ್ ಮಾತ್ರವಲ್ಲ, ಬ್ಯಾಟರಿಯೂ ಪೂರಿಯಂತೆ ಉಬ್ಬಿತ್ತು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಎಂದೂ ಮತ್ತೆ ಚಾರ್ಜ್ ಮಾಡಬಾರದು, ಚುಚ್ಚಬಾರದು, ಮನೆಯ ಕಸದ ಡಬ್ಬಿಗೆ ಹಾಕಬಾರದು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಬಹಳ ಕಷ್ಟ. ನಾವು ಗ್ಯಾರೇಜಿನಲ್ಲಿ ಕಲ್ಲುಚಪ್ಪಡಿಯ ಮೇಲಿಟ್ಟು ಚಾರ್ಜ್ ಮಾಡುತ್ತೇವೆ, ಆಗ ಒಬ್ಬರು ಅಲ್ಲೇ ಇರುತ್ತೇವೆ. ಕೋಶ ತುಂಬಿದಾಗ 4.2 ವೋಲ್ಟು, ಅದನ್ನು ಮೀರಬಾರದು. ಓಟದಲ್ಲಿ 3.3ರ ಕೆಳಗೆ ಇಳಿಯದಂತೆ ಹೊಸ ಕಂಟ್ರೋಲರಿಗೆ ಹೇಳಿಟ್ಟಿದ್ದೇವೆ. ವಾರಗಟ್ಟಲೆ ಓಡಿಸದಿದ್ದಾಗ 3.8ರಲ್ಲಿ ಇಡುತ್ತೇವೆ. ಮೋಟಾರಿಗೂ ಕಂಟ್ರೋಲರಿಗೂ ಚುಕ್ಕಾಣಿಯ ತುದಿಯ ರಂಧ್ರದಿಂದ ಕೆರೆಯ ನೀರೇ ನುಗ್ಗಿ ಬಂದು, ತಂಪು ಮಾಡಿ ಪಕ್ಕದಿಂದ ಚಿಮ್ಮುತ್ತದೆ. ಆ ಚಿಮ್ಮು ಕಾಣದಿದ್ದರೆ ತಕ್ಷಣ ನಿಲ್ಲಿಸುವುದು.

ಬಳಿಕ 40 ಮಿಲಿಮೀಟರಿಗೇ ಮರಳಿದೆವು. ಅದನ್ನು ಮಗಳು ಸಣ್ಣ ಅರದಿಂದ ಹರಿತ ಮಾಡಿ, ತೆಳು ಸಲಾಕೆಯ ಮೇಲೆ ತೂಗಿ, ಭಾರದ ಎಲೆಯನ್ನು ಉಜ್ಜಿ ಎರಡೂ ಎಲೆಗಳನ್ನು ಸಮ ಮಾಡಿದಳು. ಉಳಿದದ್ದು ತೂಕದ ಹೊಂದಾಣಿಕೆ, ಇದರಲ್ಲಿ ನಮಗೆ ಒಂದು ಇಡೀ ಬೇಸಿಗೆ ಹೋಯಿತು. ದೋಣಿಯನ್ನು ಎರಡು ಬೆರಳ ಮೇಲೆ ತೂಗಿದರೆ ಹಿಂಬದಿಯಿಂದ ಉದ್ದದ ಸುಮಾರು 30 ಪಾಲಿನಲ್ಲಿ, ನಮ್ಮದಕ್ಕೆ 7 ಅಂಗುಲದ ಆಸುಪಾಸಿನಲ್ಲಿ ಸಮನಾಗಬೇಕು. ಬ್ಯಾಟರಿ ಮುಂದೆ ಸರಿದರೆ ಮೂತಿ ನೀರನ್ನು ಉಳುತ್ತದೆ, ಹಿಂದೆ ಸರಿದರೆ ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದು ಸಲಕ್ಕೆ 5 ಮಿಲಿಮೀಟರಿಗಿಂತ ಹೆಚ್ಚು ಸರಿಸಬಾರದು. ಪ್ರೊಪೆಲರ್ ಒಂದು ಕಡೆಗೆ ತಿರುಗಿದರೆ ದೋಣಿಯ ಮೈ ಇನ್ನೊಂದು ಕಡೆಗೆ ವಾಲುತ್ತದೆ. ನಮ್ಮದು ಬಲಕ್ಕೆ ವಾಲುವುದು. ಅದಕ್ಕಾಗಿ ಬ್ಯಾಟರಿಯನ್ನು ಎಳ್ಳಷ್ಟು ಎಡಕ್ಕೆ ಇಟ್ಟು, ಹಿಂಬದಿಯಲ್ಲಿರುವ ಬಲಗಡೆಯ ಪುಟ್ಟ ತಗಡನ್ನು ಕೂದಲೆಳೆಯಷ್ಟು ಕೆಳಗೆ ಬಗ್ಗಿಸಿದೆವು.

57 ಮುಟ್ಟಿದ ದಿನ ಮೂತಿ ಎದ್ದು, ಗಾಳಿ ತಳಕ್ಕೆ ಹೊಕ್ಕು, ದೋಣಿ ಹಿಂದಕ್ಕೆ ಪಲ್ಟಿ ಹೊಡೆಯಿತು. ಮುಳುಗಲಿಲ್ಲ, ಒಳಗೆ ಈಜುಕೊಳದಲ್ಲಿ ಮಕ್ಕಳು ಹಿಡಿಯುವ ಸ್ಪಂಜಿನ ಕೋಲನ್ನು ಕತ್ತರಿಸಿ ತುಂಬಿದ್ದೆವು.

2024ರ ಬೇಸಿಗೆ ರಜೆಯಲ್ಲಿ ಕಾನಿಸ್ಟನ್ ಸರೋವರಕ್ಕೆ ಹೋಗಿದ್ದೆವು, ಸ್ಥಳ ಆರಿಸಿದವಳು ಮಗಳು. ಈಗ ಏನೇ ಆದರೂ ಅವಳನ್ನು ಮೊದಲು ಕೇಳುತ್ತೇವೆ. ಡೊನಾಲ್ಡ್ ಕ್ಯಾಂಪ್‌ಬೆಲ್ ಅವರ ‘ಬ್ಲೂಬರ್ಡ್ ಕೆ7’ ಜೆಟ್ ದೋಣಿ ಆ ವರ್ಷವೇ ಅಲ್ಲಿನ ರಸ್ಕಿನ್ ವಸ್ತುಸಂಗ್ರಹಾಲಯಕ್ಕೆ ಬಂದಿತ್ತು. 1964ರ ಡಿಸೆಂಬರ್ 31ರಂದು ಆಸ್ಟ್ರೇಲಿಯಾದಲ್ಲಿ ಅವರು ಗಂಟೆಗೆ 276.33 ಮೈಲಿಯ ದಾಖಲೆ ಮಾಡಿದ್ದರು. 300 ದಾಟಬೇಕೆಂದು 1967ರ ಜನವರಿ 4ರಂದು ಇದೇ ಕಾನಿಸ್ಟನ್ನಿನಲ್ಲಿ ಓಡಿಸಿದಾಗ ದೋಣಿಯ ಮೂತಿ ಎದ್ದು, ಗಾಳಿಯಲ್ಲಿ ಮಗುಚಿ ಬಿತ್ತು, ಅವರು ಉಳಿಯಲಿಲ್ಲ. ಈಗಿನ ದಾಖಲೆ ಆಸ್ಟ್ರೇಲಿಯಾದ ಕೆನ್ ವಾರ್ಬಿ ಅವರದು, 1978ರಲ್ಲಿ 317.6 ಮೈಲಿ. ಆ ದೋಣಿಯನ್ನು ಅವರು ಮನೆಯ ಹಿತ್ತಲಿನಲ್ಲಿ ಕಟ್ಟಿದ್ದರು. ಬ್ಲೂಬರ್ಡಿನ ಎದುರು ಮಗಳು ಬಹಳ ಹೊತ್ತು ನಿಂತಿದ್ದಳು. ನಮ್ಮ ಕೆಂಪು ದೋಣಿ ಹೇಗೆ ಪಲ್ಟಿ ಹೊಡೆಯಿತೆಂದು ನೋಡಿದವರಿಗೆ ಆ ನೀಲಿ ದೋಣಿಯ ಮುಂದೆ ಸುಮ್ಮನೆ ಹಾದುಹೋಗಲು ಆಗುವುದಿಲ್ಲ. ಹೊರಗೆ ಬಂದು, "ಅಮ್ಮ, ಬ್ಯಾಟರೀನ ಹತ್ತು ಮಿಲಿಮೀಟರ್ ಮುಂದಕ್ಕೆ ಇಡೋಣ" ಎಂದಳು. ವೇಗ ಕಡಿಮೆಯಾಗುತ್ತಲ್ಲ ಎಂದೆವು. "ಆಗಲಿ."

ಆ ಸೆಪ್ಟೆಂಬರಿನಲ್ಲಿ ಎರಡೂ ದಿಕ್ಕಿನ ಸರಾಸರಿ 54 ಬಂತು. ದೋಣಿ ಕುಪ್ಪಳಿಸಲಿಲ್ಲ, ಹಗ್ಗ ಎಳೆದಂತೆ ನೇರ ಓಡಿತು. ಗುರುಗಳು ನೋಡಿ, "ಹೂಂ, ಇದು ದೋಣಿ" ಎಂದರು. ಹುಡುಗನ 65 ಹಾಗೇ ಇದೆ, ನಮ್ಮದು ಕೆರೆಯಲ್ಲಿ ನಾಲ್ಕನೆಯ ಸ್ಥಾನ. ಆ ಹುಡುಗನೂ ಮಗಳೂ ಈಗ ಸೇರಿ ಇನ್ನೊಂದು ದೋಣಿ ಕಟ್ಟುತ್ತಿದ್ದಾರೆ. ಅದರ ಲೆಕ್ಕದ ಪುಸ್ತಕ ಯಾವ ಭಾಷೆಯಲ್ಲಿದೆಯೆಂದು ನಾವು ಕೇಳಲು ಹೋಗಿಲ್ಲ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನಮ್ಮ ದೋಣಿಯನ್ನು ಹೊರಗೆ ಸಾರು ಬಡಿಸುವ ಮೇಜಿನ ಪಕ್ಕದಲ್ಲಿ ಇಟ್ಟಿದ್ದೇವೆ. ಮಕ್ಕಳೆಲ್ಲ ಬಂದು ನೋಡಬಹುದು, ಎತ್ತಿಯೂ ನೋಡಬಹುದು. ಹಿಂಬದಿಯ ಪ್ರೊಪೆಲರನ್ನು ಮಾತ್ರ ಮುಟ್ಟಬೇಡಿ, ಕ್ಷೌರದ ಬ್ಲೇಡಿನಷ್ಟು ಹರಿತವಾಗಿದೆ. ಬ್ಯಾಟರಿ ಕಾರಿನಲ್ಲಿದೆ. ಪ್ರಶ್ನೆಗಳಿದ್ದರೆ ಅಲ್ಲೇ ನೀಲಿ ಚೂಡಿದಾರ ಹಾಕಿಕೊಂಡು ನಿಂತಿರುವ ಹುಡುಗಿಯನ್ನು ಕೇಳಿ, ನಮಗಿಂತ ಚೆನ್ನಾಗಿ ಹೇಳುತ್ತಾಳೆ.